ಮನೆಯ ಕಂಪ್ಯೂಟರ್‌ನಿಂದ ಸರ್ವರ್‌ಗೆ: ಮೈನ್‌ಕ್ರಾಫ್ಟ್ ಲೋಕದ ಸ್ಥಳಾಂತರ ಹೇಗೆ?

ಬೆಂಗಳೂರು: ರಜೆಯಲ್ಲಿ ಆರಂಭವಾದ ಆಟವೊಂದು ವರ್ಷಗಟ್ಟಲೆ ಮುಂದುವರಿದು, ಕೋಟೆ, ಸೇತುವೆ, ಹೊಲ, ಸುರಂಗಗಳಿಂದ ಕೂಡಿದ ಒಂದು ಊರೇ ಆಗಿ ಬೆಳೆಯುವುದು ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಗಳಲ್ಲಿ ಅಪರೂಪವಲ್ಲ. ಆದರೆ ಆ ಊರು ಇರುವುದು ಒಂದೇ ಕಂಪ್ಯೂಟರ್‌ನ ಒಂದೇ ಫೋಲ್ಡರ್‌ನಲ್ಲಿ. ಗೆಳೆಯರು ಅದರೊಳಗೆ ಬಂದು ಆಡಬೇಕೆಂದಾಗ, ಅಣ್ಣ ಓದಿಗಾಗಿ ಬೇರೆ ಊರಿಗೆ ಹೋದಾಗ, ಅಥವಾ ಹಳೆಯ ಲ್ಯಾಪ್‌ಟಾಪ್ ಕೈಕೊಡುವ ಸೂಚನೆ ಕಂಡಾಗ, ಆ ಲೋಕವನ್ನು ಬಾಡಿಗೆಯ ಸರ್ವರ್ ಒಂದಕ್ಕೆ ಸ್ಥಳಾಂತರಿಸುವ ಪ್ರಶ್ನೆ ಏಳುತ್ತದೆ.

ಕೆಲಸ ಕಷ್ಟದ್ದಲ್ಲ. ಆದರೆ ಕ್ರಮ ತಪ್ಪಿದರೆ ಸರ್ವರ್ ತೆರೆದಾಗ ಕಾಣುವುದು ವರ್ಷಗಳ ಶ್ರಮದ ಊರಲ್ಲ, ಯಾರೂ ಕಾಲಿಡದ ಬರಿಯ ಕಾಡು. ಹಾಗಾಗುವುದೇಕೆ, ಅದನ್ನು ತಪ್ಪಿಸುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ಆಟದ ಹಿನ್ನೆಲೆ

ಸ್ವೀಡನ್‌ನ ಮಾರ್ಕಸ್ ಪೆರ್ಸನ್ ರೂಪಿಸಿದ ಮೈನ್‌ಕ್ರಾಫ್ಟ್ ಮೊದಲ ಬಾರಿಗೆ ಸಾರ್ವಜನಿಕರಿಗೆ ದೊರೆತದ್ದು 2009ರ ಮೇ ತಿಂಗಳಿನಲ್ಲಿ. ಪೂರ್ಣ ಆವೃತ್ತಿ 2011ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆಟದ ನಿರ್ಮಾಪಕ ಸಂಸ್ಥೆಯಾದ ಮೊಜಾಂಗ್ ಅನ್ನು 250 ಕೋಟಿ ಡಾಲರ್‌ಗೆ ಖರೀದಿಸಿತು. ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಲಾಯಿತು. ಆಟದ ಭಾಷಾ ಪಟ್ಟಿಯಲ್ಲಿ ಕನ್ನಡವೂ ಇದೆ ಎಂಬುದು ನಮ್ಮ ಓದುಗರು ಗಮನಿಸಬೇಕಾದ ಸಂಗತಿ.

ಮೈನ್‌ಕ್ರಾಫ್ಟ್‌ನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕಂಪ್ಯೂಟರ್‌ನಲ್ಲಿ ಮಾತ್ರ ನಡೆಯುವ 'ಜಾವಾ' ಆವೃತ್ತಿ ಒಂದು. ಮೊಬೈಲ್, ಗೇಮ್ ಕನ್ಸೋಲ್ ಹಾಗೂ ವಿಂಡೋಸ್‌ನಲ್ಲಿ ನಡೆಯುವ 'ಬೆಡ್‌ರಾಕ್' ಆವೃತ್ತಿ ಇನ್ನೊಂದು. ಇವೆರಡೂ ತಮ್ಮ ಲೋಕವನ್ನು ಉಳಿಸಿಡುವ ವಿಧಾನ ಬೇರೆ ಬೇರೆ. ಆದ್ದರಿಂದ ಮೊಬೈಲ್‌ನಲ್ಲಿ ಕಟ್ಟಿದ ಊರನ್ನು ಜಾವಾ ಸರ್ವರ್‌ಗೆ ನೇರವಾಗಿ ಹಾಕಲು ಬರುವುದಿಲ್ಲ. ಸರ್ವರ್ ಬಾಡಿಗೆಗೆ ಪಡೆಯುವ ಮುನ್ನವೇ ತಮ್ಮದು ಯಾವ ಆವೃತ್ತಿ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ಈ ಲೇಖನವು ಜಾವಾ ಆವೃತ್ತಿಗೆ ಸಂಬಂಧಿಸಿದ್ದು.

ಒಂಟಿ ಆಟದಲ್ಲೂ ಸರ್ವರ್ ಇದೆ

ಒಬ್ಬರೇ ಆಡುವಾಗ ಸರ್ವರ್‌ನ ಪ್ರಮೇಯವೇ ಇಲ್ಲ ಎಂದು ಹಲವರು ಭಾವಿಸುತ್ತಾರೆ. ವಾಸ್ತವ ಬೇರೆ. 2012ರ ಆಗಸ್ಟ್‌ನಲ್ಲಿ ಬಂದ 1.3 ಆವೃತ್ತಿಯಿಂದ ಈಚೆಗೆ, ಒಂಟಿಯಾಗಿ ಆಡುವಾಗಲೂ ಆಟದೊಳಗೆ ಸಣ್ಣದೊಂದು ಸರ್ವರ್ ಕಣ್ಣಿಗೆ ಕಾಣದಂತೆ ನಡೆಯುತ್ತಿರುತ್ತದೆ. ಆಟಗಾರ ಅದಕ್ಕೆ ಸಂಪರ್ಕ ಹೊಂದಿಯೇ ಆಡುತ್ತಾನೆ. ಮನೆಯ ಲೋಕ ಮತ್ತು ಸರ್ವರ್‌ನ ಲೋಕ ಎರಡೂ ಒಂದೇ ಬಗೆಯ ಕಡತಗಳಲ್ಲಿ ಉಳಿಯುವುದರಿಂದಲೇ ಈ ಸ್ಥಳಾಂತರ ಸಾಧ್ಯವಾಗಿದೆ. ಯಾವ ಪರಿವರ್ತನೆಯೂ ಬೇಡ; ಫೋಲ್ಡರ್ ಅನ್ನು ಸರಿಯಾದ ಜಾಗದಲ್ಲಿ ಇರಿಸಿದರೆ ಸಾಕು.

ವಿಂಡೋಸ್ ಕಂಪ್ಯೂಟರ್‌ನಲ್ಲಿ ಈ ಲೋಕಗಳು 'ಆ್ಯಪ್‌ಡೇಟಾ' ಎಂಬ ಮರೆಯಲ್ಲಿರುವ ಫೋಲ್ಡರ್‌ನೊಳಗಿನ 'ಡಾಟ್ ಮೈನ್‌ಕ್ರಾಫ್ಟ್' ಫೋಲ್ಡರ್‌ನಲ್ಲಿ, 'ಸೇವ್ಸ್' ಎಂಬ ಹೆಸರಿನಡಿ ಇರುತ್ತವೆ. ಹುಡುಕುವ ತೊಂದರೆ ಬೇಡವೆಂದರೆ ಆಟದಲ್ಲೇ ಲೋಕದ ಹೆಸರನ್ನು ಆಯ್ದು, 'ಎಡಿಟ್' ಗುಂಡಿ ಒತ್ತಿ, 'ಓಪನ್ ವರ್ಲ್ಡ್ ಫೋಲ್ಡರ್' ಎಂಬುದನ್ನು ಆರಿಸಿದರೆ ಆ ಫೋಲ್ಡರ್ ತಾನಾಗಿ ತೆರೆದುಕೊಳ್ಳುತ್ತದೆ.

ಫೋಲ್ಡರ್‌ನೊಳಗೆ ಏನಿದೆ?

ಫೋಲ್ಡರ್‌ನಲ್ಲಿ ಕಾಣುವ 'ಲೆವೆಲ್ ಡಾಟ್ ಡ್ಯಾಟ್' ಎಂಬ ಪುಟ್ಟ ಕಡತ ಲೋಕದ ಜಾತಕವಿದ್ದಂತೆ. ಲೋಕದ ಹೆಸರು, ಅದು ಯಾವ ಆವೃತ್ತಿಯದು, ಆಟದೊಳಗಿನ ಸಮಯವೆಷ್ಟು ಮುಂತಾದ ಸಂಗತಿಗಳು ಅದರಲ್ಲಿವೆ. ಈ ಕಡತ ಕಾಣದಿದ್ದರೆ ಸರ್ವರ್‌ಗೆ ಅಲ್ಲೊಂದು ಲೋಕವಿದೆ ಎಂಬುದೇ ತಿಳಿಯುವುದಿಲ್ಲ.

ನೆಲ, ಗುಡ್ಡ, ಕಟ್ಟಡಗಳೆಲ್ಲ ಇರುವುದು 'ರೀಜನ್' ಎಂಬ ಒಳಫೋಲ್ಡರ್‌ನ ಕಡತಗಳಲ್ಲಿ. ಆಟವು ಲೋಕವನ್ನು 16 ಅಡ್ಡ, 16 ಉದ್ದದ ಚೌಕಗಳಾಗಿ ವಿಂಗಡಿಸುತ್ತದೆ. ಇವಕ್ಕೆ 'ಚಂಕ್' ಎಂದು ಹೆಸರು. ಇಂತಹ 32 ಅಡ್ಡ, 32 ಉದ್ದದ, ಅಂದರೆ 1,024 ಚಂಕ್‌ಗಳು ಸೇರಿ ಒಂದು ಕಡತವಾಗುತ್ತದೆ. ಹೀಗಾಗಿ ಒಂದು ಕಡತ ಕಾಣೆಯಾದರೆ ಅಥವಾ ಕೆಟ್ಟರೆ ಊರಿನ 512 ಅಡ್ಡ, 512 ಉದ್ದದ ಒಂದು ಭಾಗಕ್ಕೆ ಹಾನಿ ತಟ್ಟುತ್ತದೆ. ಆ ಜಾಗದಲ್ಲಿ ಆಟವು ಹೊಸ ನೆಲವನ್ನು ಹುಟ್ಟಿಸಿಬಿಡುತ್ತದೆ. ಕೋಟೆಯ ಅರ್ಧ ಗೋಡೆ ಇದ್ದು ಉಳಿದರ್ಧ ಗುಡ್ಡವಾಗಿ ಕಾಣುವುದು ಇದೇ ಕಾರಣದಿಂದ. ಲೋಕ ದೊಡ್ಡದಾಗುವುದು ಕಟ್ಟಿದ್ದರಿಂದಲ್ಲ, ಅಲೆದಾಡಿದ್ದರಿಂದ ಎಂಬುದು ಸ್ವಾರಸ್ಯದ ಸಂಗತಿ. ಆಟಗಾರ ಕಾಲಿಟ್ಟ ಕಡೆಯಲ್ಲೆಲ್ಲ ಹೊಸ ಚಂಕ್ ಹುಟ್ಟಿ ಕಡತಕ್ಕೆ ಸೇರುತ್ತದೆ.

ಆವೃತ್ತಿ 1.21ರ ವರೆಗೆ, 'ನೆದರ್' ಹಾಗೂ 'ಎಂಡ್' ಎಂಬ ಇನ್ನೆರಡು ಲೋಕಗಳ ಕಡತಗಳು 'ಡಿಮ್' ಎಂದು ಆರಂಭವಾಗುವ ಒಳಫೋಲ್ಡರ್‌ಗಳಲ್ಲಿಯೂ, ಆಟಗಾರರ ವಿವರಗಳು 'ಪ್ಲೇಯರ್‌ಡೇಟಾ' ಎಂಬಲ್ಲಿಯೂ ಇರುತ್ತವೆ. ಆವೃತ್ತಿ ಬದಲಾದಂತೆ ಒಳಗಿನ ಹೆಸರುಗಳೂ ಬದಲಾಗಬಹುದಾದ್ದರಿಂದ ಅದು ಬೇಕು, ಇದು ಬೇಡ ಎಂದು ಆರಿಸಲು ಹೋಗದೆ ಇಡೀ ಫೋಲ್ಡರ್ ಅನ್ನು ಸಾಗಿಸುವುದೇ ಕ್ಷೇಮ.

ಎಲ್ಲಿಗೆ ಸ್ಥಳಾಂತರ?

ಮೂರು ದಾರಿಗಳಿವೆ. ಮೊದಲನೆಯದು ಆಟದ ನಿರ್ಮಾಪಕರೇ ಚಂದಾ ಪಡೆದು ಒದಗಿಸುವ 'ರಿಯಲ್ಮ್ಸ್' ಸೇವೆ. ಇಲ್ಲಿ ಆಟದೊಳಗಿನಿಂದಲೇ ಲೋಕವನ್ನು ಮೇಲೇರಿಸುವ ಸೌಲಭ್ಯವಿದ್ದು, ಕಡತಗಳ ಗೊಡವೆ ಇಲ್ಲ. ಮಾಲೀಕನೊಂದಿಗೆ ಏಕಕಾಲಕ್ಕೆ ಇನ್ನೂ 10 ಮಂದಿ ಆಡಬಹುದು. ಆದರೆ ಹೊರಗಿನವರು ರಚಿಸಿದ 'ಮಾಡ್' ಅಥವಾ 'ಪ್ಲಗಿನ್'ಗಳಿಗೆ ಅವಕಾಶವಿಲ್ಲ.

ಎರಡನೆಯದು ಖಾಸಗಿ ಹೋಸ್ಟಿಂಗ್ ಕಂಪನಿಗಳು ತಿಂಗಳ ಬಾಡಿಗೆಗೆ ನೀಡುವ ಸರ್ವರ್. ಇದಕ್ಕೊಂದು ನಿಯಂತ್ರಣ ಪುಟ ಹಾಗೂ ಕಡತಗಳನ್ನು ಸಾಗಿಸುವ ಎಫ್‌ಟಿಪಿ ಅಥವಾ ಎಸ್‌ಎಫ್‌ಟಿಪಿ ವ್ಯವಸ್ಥೆ ಇರುತ್ತದೆ. ಮೂರನೆಯದು ಕ್ಲೌಡ್‌ನಲ್ಲಿ ಬರಿಯ ಯಂತ್ರವೊಂದನ್ನು ಪಡೆದು ಎಲ್ಲವನ್ನೂ ಕೈಯಾರೆ ಅಳವಡಿಸುವುದು. ಲಿನಕ್ಸ್ ಬಲ್ಲವರಿಗೆ ಮಾತ್ರ ಇದು ಸೂಕ್ತ. ಎರಡನೆಯ ದಾರಿ ಹೆಚ್ಚು ಬಳಕೆಯಲ್ಲಿದ್ದು, ತೊಡಕುಗಳು ಎದುರಾಗುವುದೂ ಅಲ್ಲಿಯೇ.

ಬಾಡಿಗೆಗೆ ಮುನ್ನ ಸರ್ವರ್ ಯಾವ ಊರಿನಲ್ಲಿದೆ ಎಂದು ಕೇಳಬೇಕು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಸಾಗುತ್ತದೆ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್ ಸುಮಾರು 7,400 ಕಿ.ಮೀ. ದೂರ. ನೇರ ದಾರಿಯಿದ್ದರೂ ಸಂದೇಶ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ 74 ಭಾಗ ಬೇಕು. ಕೇಬಲ್‌ಗಳು ಸುತ್ತುಬಳಸಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಸರ್ವರ್‌ನೊಳಗೆ ಆಟ ಸೆಕೆಂಡಿಗೆ 20 ಬಾರಿ, ಅಂದರೆ ಸೆಕೆಂಡಿನ ಸಾವಿರದಲ್ಲಿ 50 ಭಾಗಕ್ಕೊಮ್ಮೆ ಮುಂದಕ್ಕೆ ಹೆಜ್ಜೆಯಿಡುತ್ತದೆ. ಕಟ್ಟುವ ಕೆಲಸಕ್ಕೆ ಈ ವಿಳಂಬ ಅಷ್ಟಾಗಿ ಬಾಧಿಸದಿದ್ದರೂ ಕಾದಾಟದ ಹೊತ್ತಿನಲ್ಲಿ ಎದ್ದು ಕಾಣುತ್ತದೆ. ಆಡುವವರೆಲ್ಲ ಕರ್ನಾಟಕದಲ್ಲಿದ್ದರೆ ಮುಂಬೈನಂತಹ ಹತ್ತಿರದ ಊರಿನ ಸರ್ವರ್ ಮೇಲು. ಒಬ್ಬ ಮೈಸೂರಿನಲ್ಲಿ, ಇನ್ನೊಬ್ಬ ಲಂಡನ್‌ನಲ್ಲಿ ಇರುವ ಪಕ್ಷದಲ್ಲಿ ಯಾರಿಗೆ ಎಷ್ಟು ತೊಂದರೆ ಎಂಬುದನ್ನು ತೂಗಿ ನೋಡಬೇಕಾಗುತ್ತದೆ.

ಸ್ಥಳಾಂತರದ ಕ್ರಮ

ಮೊದಲಿಗೆ ಆಟದಿಂದ ಸರಿಯಾಗಿ ಹೊರಬಂದು, ಲೋಕದ ಇಡೀ ಫೋಲ್ಡರ್‌ನ ಪ್ರತಿಯೊಂದನ್ನು ಪೆನ್‌ಡ್ರೈವ್ ಅಥವಾ ಬೇರೆ ಡಿಸ್ಕ್‌ನಲ್ಲಿ ತೆಗೆದಿರಿಸಬೇಕು. ಮುಂದಿನದೆಲ್ಲ ನಡೆಯಬೇಕಾದದ್ದು ಇನ್ನೊಂದು ಪ್ರತಿಯ ಮೇಲೆಯೇ ಹೊರತು ಮೂಲದ ಮೇಲಲ್ಲ. ಆಟ ತೆರೆದಿರುವಾಗ ಪ್ರತಿ ತೆಗೆದರೆ ಅರ್ಧ ಬರೆದ ಕಡತಗಳು ಸೇರಿಕೊಳ್ಳುವ ಅಪಾಯವಿದೆ.

ಎರಡನೆಯದಾಗಿ ಆವೃತ್ತಿಯ ಹೊಂದಾಣಿಕೆ. ಮನೆಯಲ್ಲಿ ಯಾವ ಆವೃತ್ತಿಯಲ್ಲಿ ಆಡಲಾಗಿದೆಯೋ ಅದೇ ಆವೃತ್ತಿಯನ್ನು ಸರ್ವರ್‌ನಲ್ಲಿ ಆರಿಸಬೇಕು. ಹಳೆಯ ಲೋಕವನ್ನು ಹೊಸ ಆವೃತ್ತಿಯಲ್ಲಿ ತೆರೆಯಬಹುದು. ಆದರೆ ಒಮ್ಮೆ ತೆರೆದ ಮೇಲೆ ಹಿಂದಿನದಕ್ಕೆ ಮರಳುವ ದಾರಿಯಿಲ್ಲ. ಹೊಸ ಲೋಕವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಹೊರಟರೆ ಲೋಕವೇ ಹಾಳಾಗಬಹುದು. ಜಾವಾ ತಂತ್ರಾಂಶವೂ ತಕ್ಕದ್ದಾಗಿರಬೇಕು: 1.18ಕ್ಕೆ ಜಾವಾ 17, 1.20.5ಕ್ಕೆ ಜಾವಾ 21 ಕನಿಷ್ಠ ಅಗತ್ಯ. ಮಾಡ್‌ಗಳೊಂದಿಗೆ ಕಟ್ಟಿದ ಲೋಕವಾಗಿದ್ದರೆ, ಹೊಸ ಬಗೆಯ ಇಟ್ಟಿಗೆ, ಯಂತ್ರ, ಪ್ರಾಣಿಗಳನ್ನು ಸೇರಿಸುವ ಮಾಡ್‌ಗಳೆಲ್ಲ ಸರ್ವರ್‌ನಲ್ಲೂ ಇರಲೇಬೇಕು. ಇಲ್ಲದಿದ್ದರೆ ಅವುಗಳಿಗೆ ಸೇರಿದ ವಸ್ತುಗಳು ಲೋಕದಿಂದ ಮಾಯವಾಗುತ್ತವೆ.

ಮೂರನೆಯದಾಗಿ ಸರ್ವರ್ ಅನ್ನು ನಿಲ್ಲಿಸಬೇಕು. ಬಹಳಷ್ಟು ಮಂದಿ ಎಡವುವುದು ಇಲ್ಲಿ. ನಡೆಯುತ್ತಿರುವ ಸರ್ವರ್ ತನ್ನ ಲೋಕವನ್ನು ನೆನಪಿನ ಕೋಶದಲ್ಲಿ ಇರಿಸಿಕೊಂಡಿರುತ್ತದೆ ಮತ್ತು ನಿಲ್ಲುವಾಗ ಅದನ್ನು ಡಿಸ್ಕ್‌ಗೆ ಬರೆಯುತ್ತದೆ. ಈ ನಡುವೆ ನಾವು ಹಾಕಿದ ಕಡತಗಳ ಮೇಲೆ ಅದು ತನ್ನದನ್ನೇ ಬರೆದುಬಿಡುವ ಸಂಭವವಿದೆ.

ನಾಲ್ಕನೆಯದಾಗಿ, ಫೋಲ್ಡರ್ ಅನ್ನು ಜಿಪ್ ಮಾಡಿ ಸರ್ವರ್‌ಗೆ ಕಳುಹಿಸಿ ಅಲ್ಲಿ ಬಿಚ್ಚಬೇಕು. ಸಾವಿರಾರು ಕಡತಗಳನ್ನು ಬಿಡಿಬಿಡಿಯಾಗಿ ಕಳುಹಿಸುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ನಡುವೆ ಸಂಪರ್ಕ ಕಡಿದು ಒಂದೆರಡು ಕಡತ ಉಳಿದುಹೋಗುವ ಭಯವೂ ಕಡಿಮೆ. ಬಿಚ್ಚಿದ ಮೇಲೆ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಮನೆಯ ಪ್ರತಿಯೊಂದಿಗೆ ಹೋಲಿಸಿ ನೋಡಬೇಕು.

ಐದನೆಯದಾಗಿ, 'ಸರ್ವರ್ ಡಾಟ್ ಪ್ರಾಪರ್ಟೀಸ್' ಎಂಬ ಕಡತವನ್ನು ತೆರೆದು ಅದರಲ್ಲಿನ 'ಲೆವೆಲ್-ನೇಮ್' ಎಂಬ ಸಾಲಿನ ಮುಂದೆ ನಮ್ಮ ಫೋಲ್ಡರ್‌ನ ಹೆಸರನ್ನು ಅಕ್ಷರಶಃ ಬರೆಯಬೇಕು. ಮೊದಲೇ ಇರುವ ಹೆಸರು 'ವರ್ಲ್ಡ್'. ಲಿನಕ್ಸ್ ಸರ್ವರ್‌ಗಳು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯೆಂದೇ ಎಣಿಸುವುದರಿಂದ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಸಾಲದು. ಹೆಸರಿನಲ್ಲಿ ಖಾಲಿ ಜಾಗಗಳಿಲ್ಲದಂತೆ ನೋಡಿಕೊಳ್ಳುವುದು ಒಳ್ಳೆಯದು. ಕಷ್ಟದ ಮಟ್ಟ, ಆಟದ ಬಗೆ ಮುಂತಾದವನ್ನೂ ಇದೇ ಕಡತದಲ್ಲಿ ಮನೆಯಲ್ಲಿದ್ದಂತೆಯೇ ಹೊಂದಿಸಬೇಕು. ಆನಂತರ ಸರ್ವರ್ ಆರಂಭಿಸಬಹುದು.

ಕಾಡು ಕಂಡರೆ ಗಾಬರಿ ಬೇಡ

ಇಷ್ಟಾದ ಮೇಲೂ ಪರಿಚಯವಿಲ್ಲದ ನೆಲ ಕಾಣಿಸಿಕೊಂಡರೆ ಲೋಕ ನಾಶವಾಯಿತೆಂದು ಭಾವಿಸಬೇಕಿಲ್ಲ. ಸರ್ವರ್‌ಗೆ ಸೂಚಿಸಿದ ಜಾಗದಲ್ಲಿ 'ಲೆವೆಲ್ ಡಾಟ್ ಡ್ಯಾಟ್' ಸಿಗದಿದ್ದಾಗ ಅದು ದೂರದೆ ಹೊಸ ಲೋಕವನ್ನು ಸೃಷ್ಟಿಸುತ್ತದೆ, ಅಷ್ಟೆ. ಜಿಪ್ ಬಿಚ್ಚುವಾಗ ಫೋಲ್ಡರ್‌ನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿ, ನಮ್ಮ ಕಡತಗಳು ಒಂದು ಹಂತ ಕೆಳಗೆ ಉಳಿದಿರುವುದೇ ಸಾಮಾನ್ಯ ಕಾರಣ. ಸರ್ವರ್ ನಿಲ್ಲಿಸಿ, ಹೊಸದಾಗಿ ಹುಟ್ಟಿದ ಕಡತಗಳನ್ನು ತೆಗೆದು, ನಮ್ಮವನ್ನು ಒಂದು ಹಂತ ಮೇಲಕ್ಕೆ ತಂದರೆ ಊರು ಮರಳಿ ಬರುತ್ತದೆ.

ಊರು ಸರಿಯಾಗಿದ್ದು ನೆದರ್‌ನಲ್ಲಿ ಕಟ್ಟಿದ್ದು ಮಾತ್ರ ಕಾಣದಿದ್ದರೆ ಕಾರಣ ಬೇರೆ. ಪ್ಲಗಿನ್ ಸೌಲಭ್ಯಕ್ಕಾಗಿ ಬಳಸುವ 'ಸ್ಪಿಗಟ್', 'ಪೇಪರ್' ಮುಂತಾದ ಸರ್ವರ್ ತಂತ್ರಾಂಶಗಳು 1.21ರ ವರೆಗಿನ ಆವೃತ್ತಿಗಳಲ್ಲಿ ನೆದರ್ ಮತ್ತು ಎಂಡ್ ಲೋಕಗಳನ್ನು ಪ್ರತ್ಯೇಕ ಫೋಲ್ಡರ್‌ಗಳಲ್ಲಿ ಇರಿಸುತ್ತವೆ. ಹಳೆಯದನ್ನು ಅವು ತಾವಾಗಿಯೇ ಹೊಸ ಜಾಗಕ್ಕೆ ಸರಿಸುತ್ತವಾದರೂ, ಸರ್ವರ್ ಒಮ್ಮೆ ಆರಂಭವಾಗಿ ಆ ಹೆಸರಿನ ಫೋಲ್ಡರ್ ಮೊದಲೇ ಹುಟ್ಟಿದ್ದರೆ ಸರಿಸುವ ಕೆಲಸ ನಿಂತುಹೋಗುತ್ತದೆ. ಆದ್ದರಿಂದ ಸ್ಥಳಾಂತರಕ್ಕೆ ಮುನ್ನ ಸರ್ವರ್ ತಾನಾಗಿ ಸೃಷ್ಟಿಸಿದ ಖಾಲಿ ಲೋಕಗಳೆಲ್ಲವನ್ನೂ ಅಳಿಸಿರಬೇಕು.

ಬರಿಗೈಯಲ್ಲಿ ಬಂದಿಳಿಯುವ ಆಟಗಾರ

ಊರು ಬಂದಿದೆ, ಆದರೆ ಆಟಗಾರನ ಬಳಿಯಿದ್ದ ಆಯುಧ, ಸರಂಜಾಮುಗಳೆಲ್ಲ ಮಾಯ. ಸಾಕಿದ ನಾಯಿ ಎದುರಿಗಿದ್ದರೂ ಮಾತು ಕೇಳುತ್ತಿಲ್ಲ. ಈ ದೂರಿನ ಮೂಲ ಗುರುತಿನ ಸಂಖ್ಯೆಯಲ್ಲಿದೆ.

ಪ್ರತಿ ಆಟಗಾರನ ಖಾತೆಗೂ 'ಯುಯುಐಡಿ' ಎಂಬ ಉದ್ದನೆಯ ಸಂಖ್ಯೆಯೊಂದಿದೆ. ಸರ್ವರ್ ಆಟಗಾರನನ್ನು ಹೆಸರಿನಿಂದಲ್ಲ, ಈ ಸಂಖ್ಯೆಯಿಂದ ಗುರುತಿಸುತ್ತದೆ. ಸಾಮಾನುಗಳ ಪಟ್ಟಿ ಇರುವ ಕಡತದ ಹೆಸರೂ ಅದೇ ಸಂಖ್ಯೆ. ಸಾಕುಪ್ರಾಣಿಯ ಯಜಮಾನ ಯಾರೆಂದು ಬರೆದಿಟ್ಟಿರುವುದೂ ಅದರಿಂದಲೇ. ಮನೆಯಲ್ಲಿ ಬಳಸಿದ ಖಾತೆಯಿಂದಲೇ ಸರ್ವರ್‌ಗೆ ಪ್ರವೇಶಿಸಿದರೆ, ಮತ್ತು ಸರ್ವರ್‌ನ 'ಆನ್‌ಲೈನ್-ಮೋಡ್' ಚಾಲನೆಯಲ್ಲಿದ್ದರೆ, ಸಂಖ್ಯೆ ಬದಲಾಗದೆ ಎಲ್ಲವೂ ಇದ್ದಲ್ಲಿಯೇ ಇರುತ್ತದೆ. ಆ ಮೋಡ್ ಅನ್ನು ನಿಲ್ಲಿಸಿದರೆ ಸರ್ವರ್ ಬರಿಯ ಹೆಸರಿನಿಂದ ಬೇರೊಂದು ಸಂಖ್ಯೆಯನ್ನು ತಯಾರಿಸುತ್ತದೆ. ಸರ್ವರ್‌ನ ಕಣ್ಣಿಗೆ ಆಗ ನಾವು ಹೊಸಬರು.

ಸಾಮಾನು ಮರಳಿ ಪಡೆಯಲು, ಸರ್ವರ್ ನಿಲ್ಲಿಸಿ ಹಳೆಯ ಸಂಖ್ಯೆಯ ಕಡತಕ್ಕೆ ಹೊಸ ಸಂಖ್ಯೆಯ ಹೆಸರಿಡುವ ಉಪಾಯವಿದೆ. ಅದಕ್ಕಿಂತ ಸರಳವಾದ ಮುನ್ನೆಚ್ಚರಿಕೆಯೆಂದರೆ, ಹೊರಡುವ ಮುನ್ನ ಬೆಲೆಬಾಳುವ ವಸ್ತುಗಳನ್ನೆಲ್ಲ ಲೋಕದೊಳಗಿನ ಪೆಟ್ಟಿಗೆಯೊಂದರಲ್ಲಿ ಇಟ್ಟುಬಿಡುವುದು. ಪೆಟ್ಟಿಗೆ ನೆಲದೊಂದಿಗೆ ಸಾಗುತ್ತದೆ. ಅದಕ್ಕೆ ಗುರುತಿನ ಸಂಖ್ಯೆಯ ಹಂಗಿಲ್ಲ.

ಬಾಗಿಲಿಗೆ ಬೀಗ

ಮನೆಯ ಕಂಪ್ಯೂಟರ್‌ನಲ್ಲಿದ್ದಾಗ ಲೋಕದೊಳಗೆ ಬರುವವರು ಮನೆಯವರು ಮಾತ್ರ. ಅಂತರ್ಜಾಲದ ಸರ್ವರ್‌ಗೆ ವಿಳಾಸ ತಿಳಿದ ಯಾರು ಬೇಕಾದರೂ ಬರಬಹುದು. ವಿಳಾಸ ಗುಟ್ಟಾಗಿದೆ ಎಂದು ನಂಬಿ ಕೂರುವುದೂ ಸರಿಯಲ್ಲ; ಮೈನ್‌ಕ್ರಾಫ್ಟ್ ಸರ್ವರ್‌ಗಳು ಸಾಮಾನ್ಯವಾಗಿ ಬಳಸುವ 25565 ಎಂಬ ದ್ವಾರವನ್ನು ತಟ್ಟುತ್ತ ಅಂತರ್ಜಾಲವಿಡೀ ಜಾಲಾಡುವ ತಂತ್ರಾಂಶಗಳಿವೆ.

2014ರಲ್ಲಿ ಡೆನ್ಮಾರ್ಕ್‌ನ ಭೂಮಾಹಿತಿ ಇಲಾಖೆಯು ಇಡೀ ದೇಶವನ್ನು ನಿಜ ಅಳತೆಯಲ್ಲಿ ಮೈನ್‌ಕ್ರಾಫ್ಟ್ ಲೋಕವಾಗಿ ರೂಪಿಸಿ ಸಾರ್ವಜನಿಕರಿಗೆ ತೆರೆದಿತ್ತು. ಸ್ಫೋಟಕಗಳನ್ನು ನಿರ್ಬಂಧಿಸಲಾಗಿತ್ತು. ಆದರೆ ಸ್ಫೋಟಕ ತುಂಬಿದ ಗಣಿಬಂಡಿಗಳನ್ನು ನಿರ್ಬಂಧಿಸಿರಲಿಲ್ಲ. ಕಿಡಿಗೇಡಿಗಳು ಅವನ್ನೇ ಬಳಸಿ ಕೆಲವು ಭಾಗಗಳನ್ನು ಸ್ಫೋಟಿಸಿದರು. ಒಂದು ಸರ್ಕಾರಿ ಇಲಾಖೆಯ ಗತಿಯೇ ಹೀಗಾದರೆ ಶಾಲಾ ಬಾಲಕರ ಊರಿನ ಪಾಡೇನು?

ಪರಿಹಾರ ಸುಲಭ. 'ವೈಟ್-ಲಿಸ್ಟ್' ಎಂಬ ಸಾಲನ್ನು ಚಾಲನೆಗೊಳಿಸಿ, ಬರಬೇಕಾದವರ ಹೆಸರುಗಳನ್ನು ಮಾತ್ರ ಪಟ್ಟಿಗೆ ಸೇರಿಸಬೇಕು. ಉಳಿದವರಿಗೆ ಪ್ರವೇಶವಿರುವುದಿಲ್ಲ. ಸರ್ವರ್‌ನ ಸರ್ವಾಧಿಕಾರ ನೀಡುವ 'ಆಪ್' ಸ್ಥಾನವನ್ನು ಒಬ್ಬಿಬ್ಬರಿಗೆ ಮೀರಿ ಕೊಡಬಾರದು. ಆನ್‌ಲೈನ್-ಮೋಡ್ ನಿಲ್ಲಿಸಿದರೆ ಯಾರು ಯಾರ ಹೆಸರಿನಲ್ಲಿ ಬೇಕಾದರೂ ಒಳಬರಬಹುದಾದ್ದರಿಂದ ಈ ಪಟ್ಟಿಯೇ ವ್ಯರ್ಥವಾಗುತ್ತದೆ. ಮಕ್ಕಳು ಆಡುವ ಸರ್ವರ್ ಆದರೆ ಅಪರಿಚಿತರೊಂದಿಗೆ ಮಾತುಕತೆಗೂ ಅದೊಂದು ಬಾಗಿಲು ಎಂಬುದನ್ನು ಹೆತ್ತವರು ಮರೆಯಬಾರದು.

ಹಳೆಯ ಆವೃತ್ತಿಗಳನ್ನು ಬಳಸುವವರಿಗೆ ಇನ್ನೊಂದು ಎಚ್ಚರಿಕೆ. 2021ರ ಡಿಸೆಂಬರ್‌ನಲ್ಲಿ 'ಲಾಗ್4ಜೆ' ಎಂಬ ತಂತ್ರಾಂಶದಲ್ಲಿ ಗಂಭೀರ ದೋಷವೊಂದು ಬಯಲಾಯಿತು. ಆಟದ ಮಾತುಕತೆಯಲ್ಲಿ ಒಂದು ಸಾಲು ಬರೆದರೆ ಸಾಕು, ಸರ್ವರ್ ಅನ್ನೇ ವಶಪಡಿಸಿಕೊಳ್ಳಬಹುದಿತ್ತು. 1.18.1 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಅದಕ್ಕಿಂತ ಹಳೆಯ ಲೋಕವನ್ನು ಸ್ಥಳಾಂತರಿಸುವವರು ಹೋಸ್ಟಿಂಗ್ ಕಂಪನಿಯು ಆ ದೋಷಕ್ಕೆ ತೇಪೆ ಹಾಕಿದೆಯೇ ಎಂದು ಕೇಳಿ ತಿಳಿಯಬೇಕು.

ಸರ್ವರ್ ಎಂದರೆ ತಿಜೋರಿ ಅಲ್ಲ

ಸರ್ವರ್‌ಗೆ ಹಾಕಿದ ಮೇಲೆ ಲೋಕ ಸುರಕ್ಷಿತ ಎಂಬುದು ಅಪಾಯಕರ ನಂಬಿಕೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ತಗುಲಿತು. 'ರಸ್ಟ್' ಎಂಬ ಆಟದ ಯುರೋಪಿನ 25 ಸರ್ವರ್‌ಗಳು ಆ ಬೆಂಕಿಯಲ್ಲಿ ನಾಶವಾದವು. ಅವುಗಳಲ್ಲಿದ್ದ ಆಟಗಾರರ ದತ್ತಾಂಶವನ್ನು ಮರಳಿ ಪಡೆಯಲು ಸಾಧ್ಯವಿಲ್ಲ ಎಂದು ಆಟದ ನಿರ್ಮಾಪಕರೇ ಪ್ರಕಟಿಸಿದರು.

ಬೆಂಕಿಯೇ ಬೀಳಬೇಕೆಂದಿಲ್ಲ. ಬಾಡಿಗೆ ಕಟ್ಟುವುದು ತಪ್ಪಿದರೆ ಹೋಸ್ಟಿಂಗ್ ಕಂಪನಿಗಳು ಕೆಲ ಕಾಲದ ನಂತರ ಕಡತಗಳನ್ನು ಅಳಿಸುತ್ತವೆ. ಪರೀಕ್ಷೆಯ ತಿಂಗಳುಗಳಲ್ಲಿ ಆಟ ನಿಂತು, ಬಾಡಿಗೆಯೂ ನಿಂತು, ರಜೆಯಲ್ಲಿ ನೋಡಿದಾಗ ಲೋಕವೇ ಇಲ್ಲವಾಗಿರುವುದು ಹೀಗೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಸರ್ವರ್ ನಿಲ್ಲಿಸಿ ಲೋಕದ ಪ್ರತಿಯನ್ನು ಮನೆಗೆ ಇಳಿಸಿಕೊಳ್ಳುವುದು ಉತ್ತಮ. ನಿಲ್ಲಿಸಲಾಗದಿದ್ದರೆ 'ಸೇವ್-ಆಫ್' ಹಾಗೂ 'ಸೇವ್-ಆಲ್' ಆದೇಶಗಳನ್ನು ಕೊಟ್ಟು ಪ್ರತಿ ತೆಗೆದು, ಮುಗಿದ ಕೂಡಲೇ ತಪ್ಪದೆ 'ಸೇವ್-ಆನ್' ಆದೇಶ ನೀಡಬೇಕು. ಇಲ್ಲದಿದ್ದರೆ ಮುಂದಿನ ಆಟ ತಾನಾಗಿ ಡಿಸ್ಕ್‌ಗೆ ಉಳಿಯುವುದಿಲ್ಲ. ಪ್ರತಿಯನ್ನು ಅದೇ ಸರ್ವರ್‌ನ ಇನ್ನೊಂದು ಫೋಲ್ಡರ್‌ನಲ್ಲಿ ಇಟ್ಟರೆ ಅದು ಪ್ರತಿ ಎನಿಸಿಕೊಳ್ಳದು.

ಇನ್ನೊಂದು ಬದಲಾವಣೆಗೂ ಮನಸ್ಸು ಸಿದ್ಧವಾಗಬೇಕು. ಮನೆಯಲ್ಲಿ ಒಂಟಿಯಾಗಿ ಆಡುವಾಗ ಆಟಗಾರ ವಿರಾಮ ತೆಗೆದುಕೊಂಡರೆ ಲೋಕವೂ ನಿಲ್ಲುತ್ತದೆ. ಸರ್ವರ್‌ನಲ್ಲಿ ಹಾಗಿಲ್ಲ. ಒಬ್ಬ ಊಟಕ್ಕೆ ಎದ್ದುಹೋದರೂ ಅವನ ಪಾತ್ರ ಅಲ್ಲಿಯೇ ನಿಂತಿರುತ್ತದೆ. ರಾತ್ರಿಯಾಗುತ್ತದೆ, ರಾಕ್ಷಸರು ಬರುತ್ತಾರೆ. ಗೆಳೆಯರು ಆಡುತ್ತಿರುವಷ್ಟು ಕಾಲ ನಾವು ಇಲ್ಲದಿದ್ದರೂ ಊರು ಬದಲಾಗುತ್ತಲೇ ಇರುತ್ತದೆ. ಯಾರ ಹೊಲವನ್ನು ಯಾರು ಕೊಯ್ಯಬಹುದು, ಯಾರ ಪೆಟ್ಟಿಗೆಯನ್ನು ಯಾರು ತೆರೆಯಬಹುದು ಎಂಬುದನ್ನು ಮೊದಲೇ ಮಾತಾಡಿಕೊಂಡಿರುವುದು ಲೇಸು. ಕಡತಗಳ ಗೊಂದಲಕ್ಕಿಂತ ಇಂತಹ ಜಗಳಗಳಿಂದ ಮುಚ್ಚಿಹೋದ ಸರ್ವರ್‌ಗಳೇನೂ ಕಡಿಮೆಯಲ್ಲ.

ನೆನಪಿಡಬೇಕಾದ ಅಂಶಗಳು

* ಆಟ ಮುಚ್ಚಿದ ಮೇಲೆಯೇ ಪ್ರತಿ ತೆಗೆಯಿರಿ. ಮೂಲವನ್ನು ಮುಟ್ಟಬೇಡಿ.
* ಮನೆಯ ಆವೃತ್ತಿ ಮತ್ತು ಸರ್ವರ್‌ನ ಆವೃತ್ತಿ ಒಂದೇ ಆಗಿರಲಿ.
* ಕಡತ ಹಾಕುವ ಮುನ್ನ ಸರ್ವರ್ ನಿಲ್ಲಿಸಿ, ಅದು ಸೃಷ್ಟಿಸಿದ ಖಾಲಿ ಲೋಕಗಳನ್ನು ಅಳಿಸಿ.
* ಫೋಲ್ಡರ್ ತೆರೆದ ಕೂಡಲೇ 'ಲೆವೆಲ್ ಡಾಟ್ ಡ್ಯಾಟ್' ಕಾಣಬೇಕು. ಅದರೊಳಗೆ ಇನ್ನೊಂದು ಫೋಲ್ಡರ್ ಇರಬಾರದು.
* ಬೆಲೆಬಾಳುವ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಹೊರಡಿ.
* ಗೆಳೆಯರಿಗೆ ವಿಳಾಸ ಕೊಡುವ ಮುನ್ನ ವೈಟ್-ಲಿಸ್ಟ್ ಚಾಲನೆಗೊಳಿಸಿ.
* ಸ್ಥಳಾಂತರ ಯಶಸ್ವಿಯಾದ ಮೇಲೂ ಮನೆಯ ಹಳೆಯ ಪ್ರತಿಯನ್ನು ಕನಿಷ್ಠ ಒಂದೆರಡು ತಿಂಗಳು ಅಳಿಸಬೇಡಿ.